ಮನೆಯಲ್ಲಿ ‘ಓದಿದ್ದು ಸಾಕು’ ಅಂದಾಗ: ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಆದಮೇಲೆ ಒಮ್ಮೆ, ಪಿಯುಸಿ ಆದಮೇಲೆ ಇನ್ನೊಮ್ಮೆ, ಡಿಗ್ರಿ ಮುಗಿದಮೇಲೆ ಮೂರನೇ ಸಲ, ಮನೆಯಲ್ಲಿ ‘ಸಾಕು’ ಅನ್ನಿಸಿಕೊಂಡೆ. ಮೂರು ಸಲವೂ ಮುಂದೆ ಹೋದೆ. ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮೇ, ಜೂನ್ ಬಂತೆಂದರೆ ಹುಡುಗಿಯರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಯಾರೂ ಇಲ್ಲ ಅಂತ ನೋಡಿಕೊಂಡು ಒಳಗೆ ಬರುತ್ತಾರೆ. ಕೇಳುವುದು ಸುಮಾರಾಗಿ ಇವೇ ಪ್ರಶ್ನೆಗಳು. ಪ್ರತಿ ವರ್ಷ ಬಾಯಲ್ಲಿ ಹೇಳುತ್ತಿದ್ದದ್ದನ್ನು ಈ ಸಲ ಬರೆದಿಟ್ಟಿದ್ದೇನೆ.

ಮನೆಯಲ್ಲಿ ಬೇಡ ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಯಾರು ಬೇಡ ಅಂತಿದ್ದಾರೆ, ಯಾಕೆ ಅಂತಿದ್ದಾರೆ ಅನ್ನೋದನ್ನು ಮೊದಲು ಪತ್ತೆ ಮಾಡಿ. ಬಾಯಲ್ಲಿ ಹೇಳುವ ಕಾರಣ ಬೇರೆ, ಹೊಟ್ಟೆಯೊಳಗಿನ ಕಾರಣ ಬೇರೆ.

ನಮ್ಮಪ್ಪ ‘ಓದಿ ಏನ್ ಡಿಸಿ ಆಗಾಕಿದೀಯೇನ?’ ಅಂತಿದ್ದರು. ನಾನು ಪೆದ್ದಿ. ಡಿಸಿ ಆಗೋದು ಹೇಗೆ ಅಂತ ಲೈಬ್ರರಿಯಲ್ಲಿ ಹುಡುಕಿ, ಯುಪಿಎಸ್‌ಸಿ ಪರೀಕ್ಷೆಯ ಹಂತಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದು ವಿವರಿಸಿದೆ. ಅವರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊಲಕ್ಕೆ ಹೋದರು. ಮಾತು ಡಿಸಿದ್ದಲ್ಲವೇ ಅಲ್ಲ ಅಂತ ಗೊತ್ತಾಗಲು ನನಗೆ ಎರಡು ತಿಂಗಳು ಹಿಡಿಯಿತು. ಆ ವರ್ಷ ಗೋವಿನಜೋಳದ ರೇಟು ಬಿದ್ದಿತ್ತು. ಸೊಸೈಟಿ ಸಾಲ ಹಾಗೇ ಉಳಿದಿತ್ತು. ‘ನನ್ನ ಹತ್ತಿರ ದುಡ್ಡಿಲ್ಲ’ ಅಂತ ಮಗಳ ಮುಂದೆ ಹೇಳೋದಕ್ಕಿಂತ ‘ಹೆಣ್ಮಕ್ಕಳಿಗೆ ಯಾಕೆ ಓದು’ ಅನ್ನೋದು ಅವರಿಗೆ ಸುಲಭವಾಗಿತ್ತು.

ಕೆಲವು ಮನೆಗಳಲ್ಲಿ ಅದು ದುಡ್ಡಿನ ಬೇಡ. ಕೆಲವು ಕಡೆ ಬಸ್ಸಿನ ಬೇಡ: ಸಂಜೆ ಆರರ ಬಸ್ಸು ತಪ್ಪಿದರೆ ಮಗಳು ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತಿರುತ್ತಾಳೆ ಅನ್ನೋ ಭಯ. ಇನ್ನು ಕೆಲವು ಕಡೆ ಅದು ಚಿಕ್ಕಪ್ಪನ ಬೇಡ. ಅಪ್ಪನಿಗೆ ಒಳಗೊಳಗೆ ಆಸೆ ಇರುತ್ತದೆ, ಆದರೆ ‘ನಾಳೆ ಏನಾದ್ರೂ ಆದ್ರೆ ನಮ್ಮನ್ನ ಕೇಳಬೇಡ’ ಅಂದುಬಿಟ್ಟ ತಮ್ಮನನ್ನು ದಾಟುವ ಧೈರ್ಯ ಇರುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದಿದೆ. ನೀವು ಕಾಲೇಜಿಗೆ ಹೋದರೆ ಬೆಳಗ್ಗೆ ಸಗಣಿ ತೆಗೆದು, ರೊಟ್ಟಿ ಬಡಿದು, ಅಜ್ಜಿಗೆ ಸ್ನಾನ ಮಾಡಿಸೋರು ಯಾರು? ಅಮ್ಮ ‘ಬೇಡ’ ಅಂದರೆ ಅರ್ಧ ಸಲ ಅದು ಸುಸ್ತಾದ ಹೆಂಗಸಿನ ಮಾತು.

ದುಡ್ಡಿನ ಬೇಡಕ್ಕೆ ಸ್ಕಾಲರ್‌ಶಿಪ್ ಕಾಗದ ಉತ್ತರ. ಭಯದ ಬೇಡಕ್ಕೆ ಹಾಸ್ಟೆಲ್ ವಾರ್ಡನ್ ಫೋನ್ ನಂಬರ್ ಉತ್ತರ. ಎಲ್ಲದಕ್ಕೂ ‘ನನಗೆ ಓದುವ ಹಕ್ಕಿದೆ’ ಅಂತ ಒಂದೇ ಉತ್ತರ ಕೊಟ್ಟರೆ ಜಗಳ ಆಗುತ್ತದೆ, ಅಡ್ಮಿಷನ್ ಆಗುವುದಿಲ್ಲ.

ಯಾರ ಹತ್ತಿರ ಮಾತಾಡಿಸಬೇಕು?

ನಿಮ್ಮಪ್ಪ ಯಾರ ಮಾತಿಗೆ ಎದ್ದು ನಿಲ್ಲುತ್ತಾರೋ ಅವರ ಹತ್ತಿರ. ನಿಮಗೆ ಇಷ್ಟವಾದ ಮೇಡಂ ಆಗಬೇಕಿಲ್ಲ. ನನ್ನ ವಿಷಯದಲ್ಲಿ ಅದು ಪ್ರೈಮರಿ ಶಾಲೆಯ ನಿವೃತ್ತ ಹೆಡ್‌ಮಾಸ್ಟರು. ಅಪ್ಪನಿಗೂ ಅವರೇ ಪಾಠ ಹೇಳಿದ್ದರು. ಮನೆಗೆ ಬಂದು ಓದಿನ ವಿಷಯ ಎತ್ತಲೇ ಇಲ್ಲ. ಚಹಾ ಕುಡಿದರು, ಮಳೆ ಮಾತಾಡಿದರು, ಏಳುವಾಗ ‘ಎಂದು ಬಿಡ್ತೀ ಈಕೀನ್ನ ಧಾರವಾಡಕ್ಕ?’ ಅಂದರು. ಬಿಡ್ತೀಯೋ ಇಲ್ಲವೋ ಅಂತ ಕೇಳಲೇ ಇಲ್ಲ, ನೋಡಿ. ಅಪ್ಪ ‘ಸೋಮವಾರ’ ಅಂದುಬಿಟ್ಟರು.

ಎಲ್ಲರಿಗೂ ಅಂಥ ಮಾಸ್ತರು ಸಿಗಲ್ಲ, ಗೊತ್ತು. ಅಂಗನವಾಡಿ ಟೀಚರ್, ಸೋದರಮಾವ, ಮಠದ ಸ್ವಾಮಿಗಳು, ಜಮಾತಿನ ಹಿರಿಯರು, ಚರ್ಚಿನ ಸಿಸ್ಟರ್, ಪಕ್ಕದ ಮನೆಯ ನರ್ಸ್ ಅಕ್ಕ, ಯಾರಾದರೂ ಇರುತ್ತಾರೆ. ಒಬ್ಬರನ್ನೇ ಕಳಿಸಿ. ನಾಲ್ಕು ಜನ ಒಟ್ಟಿಗೆ ಹೋದರೆ ಅದು ಪಂಚಾಯಿತಿ ಆಗುತ್ತದೆ, ಅಪ್ಪ ಹಟಕ್ಕೆ ಬೀಳುತ್ತಾರೆ.

ನನಗೆ 18 ತುಂಬಿದೆ. ಅಪ್ಪನ ಸಹಿ ಇಲ್ಲದೆ ಅಡ್ಮಿಷನ್ ಆಗುತ್ತಾ?

18 ತುಂಬಿದವಳು ಕಾನೂನಿನ ಕಣ್ಣಲ್ಲಿ ವಯಸ್ಕಳು. ಯಾವ ಕೋರ್ಸ್, ಯಾವ ಕಾಲೇಜು ಅನ್ನೋದು ನಿಮ್ಮ ತೀರ್ಮಾನ. ಆದರೆ ಅರ್ಜಿಯಲ್ಲಿ ‘ಪೋಷಕರ ಸಹಿ’ ಅಂತ ಒಂದು ಜಾಗ ಇದ್ದೇ ಇರುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಆಯೋಗ) 2009ರ ನಿಯಮದಂತೆ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೂ ವಿದ್ಯಾರ್ಥಿಯ ಜೊತೆ ತಂದೆ, ತಾಯಿ ಅಥವಾ ಪೋಷಕರೊಬ್ಬರು ಸಹಿ ಹಾಕಬೇಕು.

‘ತಂದೆ’ ಅಂತ ಮಾತ್ರ ಇಲ್ಲ, ಗಮನಿಸಿ. ಅಮ್ಮ ಸಾಕು. ಅಮ್ಮ ಹೆಬ್ಬೆಟ್ಟು ಒತ್ತಿದರೂ ಸಾಕು. ನಮ್ಮ ಕಾಲದಲ್ಲಿ ಒಂದು ಕಾಲೇಜಿನ ಗುಮಾಸ್ತರು ‘ಅಪ್ಪ ಬರಲೇಬೇಕು, ಇಲ್ಲಾಂದ್ರೆ ಸೀಟಿಲ್ಲ’ ಅಂತ ನನ್ನನ್ನು ಎರಡು ದಿನ ತಿರುಗಿಸಿದರು. ಮೂರನೇ ದಿನ ಅಮ್ಮನನ್ನು ಕರೆದುಕೊಂಡು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಐದು ನಿಮಿಷದ ಕೆಲಸ. ಕೌಂಟರಿನಲ್ಲಿ ‘ಆಗಲ್ಲ’ ಅಂದರೆ ಸುಮ್ನೆ ವಾಪಸ್ ಬರಬೇಡಿ. ಯಾವ ನಿಯಮದಲ್ಲಿ ಹಾಗಿದೆ, ಬರೆದುಕೊಡಿ ಅನ್ನಿ. ಬಹಳ ಸಲ ಅಲ್ಲಿಗೇ ಕೆಲಸ ಆಗುತ್ತದೆ.

18 ಆಗಿಲ್ಲ. ಪಿಯುಸಿ ಬಿಡಿಸಿ ಮದುವೆ ಮಾಡೋಕೆ ಹೊರಟಿದ್ದಾರೆ. ಏನು ಮಾಡಲಿ?

ಇದಕ್ಕೆ ಮಾತ್ರ ನಿಧಾನ ಬೇಡ. 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಬೀಳಲ್ಲ. ನೀವೇ ಮಾಡಬೇಕೆಂದಿಲ್ಲ, ಗೆಳತಿಯೂ ಮಾಡಬಹುದು. ಫೋನ್ ಇಲ್ಲವಾದರೆ ನಿಮ್ಮ ಲೆಕ್ಚರರಿಗೆ ಹೇಳಿ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರರು, ಗ್ರಾಮ ಪಂಚಾಯಿತಿ ಪಿಡಿಒ, ಇವರಿಗೆಲ್ಲ ಬಾಲ್ಯವಿವಾಹ ತಡೆಯುವ ಹೊಣೆ ಇದೆ.

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು. ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮದುವೆಗೆ ಮೊದಲೇ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಕರ್ನಾಟಕ ಈ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದಿದೆ. ಅದರಂತೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿಂದಲೂ ಅಸಿಂಧು, ಅಂದರೆ ಮದುವೆ ಅಂತ ಲೆಕ್ಕಕ್ಕೇ ಬರಲ್ಲ. ‘ತಾಳಿ ಬಿದ್ದ ಮೇಲೆ ಏನು ಮಾಡೋಕಾಗುತ್ತೆ’ ಅನ್ನುವವರಿಗೆ ಇದನ್ನು ಹೇಳಿ.

ಹೆಣ್ಣಿನ ಮದುವೆ ವಯಸ್ಸು 21 ಆಗಿದೆಯಂತೆ ಅಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ಆಗಿಲ್ಲ. 2021ರಲ್ಲಿ ಮಸೂದೆ ಮಂಡನೆಯಾಗಿತ್ತು, ಪಾಸಾಗಲಿಲ್ಲ. ಈಗಲೂ 18.

ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ಈಗ?

ನಮ್ಮ ಮನೆಯಲ್ಲೂ ಟ್ರಂಕೇ. ಅಮ್ಮನ ಮದುವೆ ಸೀರೆ, ನುಸಿಗುಳಿಗೆ, ಹೊಲದ ಉತಾರ, ಅದರ ಕೆಳಗೆ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಇವತ್ತಿಗೂ ಆ ಕಾರ್ಡಿಗೆ ನುಸಿಗುಳಿಗೆ ವಾಸನೆ ಇದೆ.

ಈಗ ಟ್ರಂಕಿನ ಕಾಲ ಹೋಗಿದೆ. ಇತ್ತೀಚಿನ ವರ್ಷಗಳ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಸಿಗುತ್ತದೆ. ಅದಕ್ಕೆ ಕಾನೂನಿನ ಮಾನ್ಯತೆ ಇದೆ. ಮೂಲ ಪ್ರತಿಯೇ ಬೇಕಾದರೆ ಓದಿದ ಶಾಲೆ ಅಥವಾ ಕಾಲೇಜಿನ ಮೂಲಕ ಮಂಡಳಿಗೆ ಅರ್ಜಿ ಹಾಕಿ ನಕಲು ಅಂಕಪಟ್ಟಿ ತರಿಸಬಹುದು. ಸ್ವಲ್ಪ ತಿರುಗಾಟ, ಸ್ವಲ್ಪ ಶುಲ್ಕ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎಲ್ಲ ಪೋರ್ಟಲ್ಲೂ ಕೇಳುವುದು ಆ ನಂಬರನ್ನೇ.

ನಿಜವಾದ ಬೀಗ ಈಗ ಬೇರೆ ಕಡೆ ಇದೆ: ಒಟಿಪಿ. ನಿಮ್ಮ ಆಧಾರಿಗೆ ಯಾರ ಮೊಬೈಲ್ ನಂಬರ್ ಸೇರಿಸಿದ್ದೀರಿ? ನೂರಕ್ಕೆ ತೊಂಬತ್ತು ಹುಡುಗಿಯರದ್ದು ಅಪ್ಪನದೋ ಅಣ್ಣನದೋ ನಂಬರ್. (ಇದು ನನ್ನ ತರಗತಿಯ ಲೆಕ್ಕ, ಸರ್ಕಾರದ್ದಲ್ಲ.) ಅರ್ಜಿ ಹಾಕಿದರೆ ಒಟಿಪಿ ಅವರ ಜೇಬಿಗೆ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ನಂಬರ್ ಹಾಕಿಸಿ. ಅದಕ್ಕೆ ಬೇರೆ ದಾಖಲೆ ಬೇಡ, ನಿಮ್ಮ ಬೆರಳು ಸಾಕು. ಹಾಗೇ ನಿಮ್ಮ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ ತೆರೆದು, ಆಧಾರ್ ಜೋಡಿಸಿ. ಸ್ಕಾಲರ್‌ಶಿಪ್ ದುಡ್ಡು ಆಧಾರ್ ಜೋಡಣೆಯಾದ ಖಾತೆಗೇ ಬೀಳುತ್ತದೆ. ಅದು ಅಪ್ಪನ ಜಂಟಿ ಖಾತೆಯಾದರೆ, ದುಡ್ಡು ಗೊಬ್ಬರಕ್ಕೋ ಅಣ್ಣನ ಬೈಕ್ ಕಂತಿಗೋ ಹೋಗಿರುತ್ತದೆ.

ಕಾಲೇಜುಗಳಿಗೂ ಒಂದು ಮಾತು. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ‘ಕೋರ್ಸ್ ಮುಗಿಯೋವರೆಗೆ ನಮ್ಮ ಹತ್ರ ಇರಲಿ’ ಅಂದರೆ ಒಪ್ಪಬೇಡಿ.

ದುಡ್ಡು ಎಲ್ಲಿಂದ ತರಲಿ?

ಮೊದಲು ಲೆಕ್ಕ ಬರೆಯಿರಿ. ನಿಜವಾಗಲೂ, ಹಾಳೆ ಪೆನ್ನು ತಗೊಂಡು. ‘ಓದಿಗೆ ಲಕ್ಷಗಟ್ಟಲೆ’ ಅಂತ ಮನೆಯಲ್ಲಿ ಅಂದುಕೊಂಡಿರುತ್ತಾರೆ, ಯಾಕೆಂದರೆ ಅವರು ಕೇಳಿರೋದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ರೇಟು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಶುಲ್ಕದ ರಸೀದಿ ತೋರಿಸಿದರೆ ಎಷ್ಟೋ ಅಪ್ಪಂದಿರು ‘ಇಷ್ಟೇನಾ?’ ಅಂತಾರೆ. 2024-25ರಿಂದ ಡಿಗ್ರಿ ಮತ್ತೆ ಮೂರೇ ವರ್ಷ ಆಗಿದೆ, ನಾಲ್ಕನೇ ವರ್ಷದ ಭಯವೂ ಬೇಡ.

ಬಸ್ಸಿನ ಖರ್ಚು ಈಗ ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಸಾಕು. ಜನ ಈ ಯೋಜನೆ ಬಗ್ಗೆ ಏನೇ ತಮಾಷೆ ಮಾಡಲಿ, ಪಾಸಿಗೆ ದುಡ್ಡಿಲ್ಲದೆ ಓದು ಬಿಟ್ಟ ನನ್ನ ಇಬ್ಬರು ಗೆಳತಿಯರ ಮುಖ ನನಗೆ ನೆನಪಿದೆ.

ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ಮುಖ್ಯ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಎಲ್ಲರ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪೂ ಶುಲ್ಕ ವಿನಾಯಿತಿಯೂ ಅದರಲ್ಲೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ವಿದ್ಯಾಸಿರಿ ಇದೆ. ರೈತರ ಮಕ್ಕಳಿಗೆ 2021ರಲ್ಲಿ ವಿದ್ಯಾನಿಧಿ ಶುರುವಾಯಿತು. ಅದರಲ್ಲಿ ಹುಡುಗರಿಗಿಂತ ಹುಡುಗಿಯರಿಗೆ 500, 1,000 ರೂಪಾಯಿ ಜಾಸ್ತಿ ಇಟ್ಟಿದ್ದರು. ಯಾವ ವರ್ಷ ಯಾವುದಕ್ಕೆ ಅರ್ಜಿ ಕರೆದಿದ್ದಾರೆ ಅನ್ನೋದನ್ನು ಪೋರ್ಟಲ್‌ನಲ್ಲೇ ನೋಡಿ, ವಾಟ್ಸಾಪ್ ಸುದ್ದಿ ನಂಬಬೇಡಿ.

ಡಿಪ್ಲೊಮಾ, ಎಂಜಿನಿಯರಿಂಗ್‌ಗೆ ಹೋಗುವವರಿಗೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್ ಇದೆ: ವರ್ಷಕ್ಕೆ 50,000 ರೂಪಾಯಿ, ಮನೆಯ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹುಡುಗಿಯರವರೆಗೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯುನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೊದಲ ಡಿಗ್ರಿ ಅಥವಾ ಡಿಪ್ಲೊಮಾಕ್ಕೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದ್ದು ಲಾಭಕ್ಕೆ ಬರುವ ಅಪರೂಪದ ಸಂದರ್ಭ ಇದು.

ಇಷ್ಟೆಲ್ಲ ಇದ್ದರೂ ಒಂದು ತೊಂದರೆ ಇದೆ. ಸ್ಕಾಲರ್‌ಶಿಪ್ ಬರೋದು ತಡವಾಗಿ. ಫೀ ಕಟ್ಟಬೇಕಾದದ್ದು ಜುಲೈನಲ್ಲಿ, ದುಡ್ಡು ಬರುವ ಹೊತ್ತಿಗೆ ಯುಗಾದಿ ಆಗಿರಬಹುದು. ಆ ನಡುವಿನ ತಿಂಗಳುಗಳನ್ನು ದಾಟೋದೇ ಕಷ್ಟ. ನನ್ನನ್ನು ದಾಟಿಸಿದ್ದು ಅಮ್ಮನ ಸ್ತ್ರೀಶಕ್ತಿ ಸಂಘ. ಅಪ್ಪನಿಗೆ ಹೇಳದೆ ಅಮ್ಮ ಸಂಘದಲ್ಲಿ 12,000 ರೂಪಾಯಿ ಸಾಲ ತೆಗೆದರು. ಸಾಲದ ಉದ್ದೇಶ ಅನ್ನೋ ಜಾಗದಲ್ಲಿ ಏನು ಬರೆಸೋದು? ಮಗಳ ಓದು ಅಂತ ಬರೆಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ‘ಎಮ್ಮೆ’ ಅಂತ ಬರೆಸಿದರು. ಸಂಘದ ಪುಸ್ತಕದ ಪ್ರಕಾರ ನಾನು ಒಂದು ಎಮ್ಮೆ. ಹದಿನೆಂಟು ತಿಂಗಳು ಅಮ್ಮ ವಾರ ವಾರ ಆ ಎಮ್ಮೆಯ ಕಂತು ಕಟ್ಟಿದರು. ಸಂಘದ ಹೆಂಗಸರಿಗೆಲ್ಲ ಗೊತ್ತಿತ್ತು, ಆಮೇಲೆ ತಿಳಿಯಿತು. ‘ಎಮ್ಮಿ ಹಾಲ ಹಿಂಡತೈತೇನ?’ ಅಂತ ಅಮ್ಮನನ್ನು ಕೇಳಿ ನಗುತ್ತಿದ್ದರಂತೆ.

ಈಗಿನ ಅಮ್ಮಂದಿರಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಅವರದೇ ಖಾತೆಗೆ ಬರುತ್ತದೆ. ನನ್ನ ಇಬ್ಬರು ವಿದ್ಯಾರ್ಥಿನಿಯರ ಮೆಸ್ ಬಿಲ್ಲು ಸದ್ದಿಲ್ಲದೆ ಅದರಲ್ಲೇ ಹೋಗುತ್ತಿದೆ.

ಬ್ಯಾಂಕ್ ಸಾಲ ತಗೊಳ್ಳಬಹುದಾ?

ತಗೊಳ್ಳಬಹುದು, ಆದರೆ ಕೊನೆಗೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ. ಆದರೆ ಸಾಮಾನ್ಯವಾಗಿ ಪೋಷಕರೊಬ್ಬರು ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಅಪ್ಪ ಒಪ್ಪದಿದ್ದರೆ ಅಮ್ಮನನ್ನು ಕೇಳಿ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೂ ಬೇಡ, ಜಾಮೀನುದಾರರೂ ಬೇಡ, ಆದರೆ ಅದು ರ‍್ಯಾಂಕಿಂಗ್‌ನಲ್ಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ. ಸಿಇಟಿ ಮೂಲಕ ಸೀಟು ಪಡೆದವರು ತಮ್ಮ ವರ್ಗದ ಅಭಿವೃದ್ಧಿ ನಿಗಮದಲ್ಲಿ ‘ಅರಿವು’ ಸಾಲ ವಿಚಾರಿಸಿ. ಬಡ್ಡಿ ತೀರಾ ಕಡಿಮೆ.

ಬಿ.ಎ., ಬಿ.ಎಸ್ಸಿ.ಗೆ ಸಾಲ ಮಾಡಲೇಬೇಡಿ ಅಂತೀನಿ ನಾನು. ಸರ್ಕಾರಿ ಕಾಲೇಜಿಗೆ ಹೋಗಿ.

ಹಾಸ್ಟೆಲ್ ಅಂದ್ರೇನೇ ಮನೆಯಲ್ಲಿ ಭಯ. ಒಪ್ಪಿಸೋದು ಹೇಗೆ?

ಕರೆದುಕೊಂಡು ಹೋಗಿ ತೋರಿಸಿ. ಬೇರೆ ದಾರಿ ಇಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್ಲುಗಳಲ್ಲಿ ಊಟ, ವಸತಿ ಉಚಿತ. ಅರ್ಜಿ ಆನ್‌ಲೈನ್. ಸೀಟು ಕಡಿಮೆ, ದಿನಾಂಕ ತಪ್ಪಿಸಬೇಡಿ.

ನಮ್ಮಪ್ಪ ಹಾಸ್ಟೆಲ್ಲಿಗೆ ಬಂದವರು ಕೋಣೆ ನೋಡಲಿಲ್ಲ, ಊಟ ನೋಡಲಿಲ್ಲ. ಸೀದಾ ಕಾಂಪೌಂಡಿನ ಸುತ್ತ ಒಂದು ಸುತ್ತು ನಡೆದರು. ಹಿಂದಿನ ಗೇಟಿನ ಬೀಗ ಎಳೆದು ನೋಡಿದರು. ಬಾವಿಗೆ ಕಟ್ಟೆ ಇದೆಯಾ ಅಂತ ಇಣುಕಿದರು. ಎತ್ತು ಕೊಳ್ಳುವಾಗಲೂ ಹೀಗೇ ಸುತ್ತು ಹಾಕುತ್ತಿದ್ದರು. ನನಗೆ ನಗು ಬಂತು, ಆಮೇಲೆ ಅಳುವೂ ಬಂತು.

ಜಾಸ್ತಿ ಓದಿದರೆ ಗಂಡು ಸಿಗಲ್ಲ ಅಂತಾರೆ. ನಿಜವಾ?

2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದು ನೆನಪಿದೆಯಾ? ಗಂಡಿಗೆ ಬರ ಇರುವ ನಾಡಿನಲ್ಲಿ ಹೀಗಾಗುತ್ತಾ?

ತಮಾಷೆ ಬಿಡಿ. ಈ ಮಾತಿನ ಹಿಂದಿರೋದು ವರದಕ್ಷಿಣೆಯ ಲೆಕ್ಕ. ಮಗಳು ಡಿಗ್ರಿ ಮಾಡಿದರೆ ಗಂಡು ಎಂ.ಎಸ್ಸಿ. ಆಗಿರಬೇಕು, ಅವಳು ಎಂ.ಎಸ್ಸಿ. ಮಾಡಿದರೆ ಅವನು ಸರ್ಕಾರಿ ನೌಕರಿಯಲ್ಲಿರಬೇಕು, ಹಾಗೆ ಮೆಟ್ಟಿಲು ಹತ್ತಿದಂತೆ ‘ಅವರ ಕಡೆ’ ಕೇಳೋದೂ ಏರುತ್ತದೆ. ಅಪ್ಪನಿಗೆ ಕಾಣೋದು ಆ ಏಣಿ. 1961ರಲ್ಲೇ ವರದಕ್ಷಿಣೆ ನಿಷೇಧವಾಗಿದೆ ಅಂತ ಹೇಳಿ ಉಪಯೋಗವಿಲ್ಲ, ಅವರಿಗೂ ಗೊತ್ತು. ‘ಗಂಡು ನನಗಿಂತ ಜಾಸ್ತಿ ಓದಿರಲೇಬೇಕು ಅಂತ ನನಗೇನೂ ಇಲ್ಲ’ ಅಂತ ನೀವೇ ಒಮ್ಮೆ ಹೇಳಿ ನೋಡಿ. ಅರ್ಧ ಭಾರ ಇಳಿಯುತ್ತದೆ. ನನ್ನ ಗಂಡ ಡಿಪ್ಲೊಮಾ. ನಮ್ಮ ಮನೆಯಲ್ಲಿ ಇದರಿಂದ ಇವತ್ತಿನವರೆಗೆ ಮಿಕ್ಸಿ ಕೆಟ್ಟರೆ ಅವರೇ ರಿಪೇರಿ ಮಾಡ್ತಾರೆ ಅನ್ನೋದು ಬಿಟ್ಟು ಬೇರೆ ಪರಿಣಾಮ ಆಗಿಲ್ಲ.

ಅಣ್ಣನಿಗೆ ಹೊಲ ಅಡವಿಟ್ಟು ಓದಿಸಿದರು. ನನಗೆ ಮಾತ್ರ ದುಡ್ಡಿಲ್ಲ. ಕೇಳಬಹುದಾ?

ಕೇಳಿ. ಕೂಗಾಡದೆ ಕೇಳಿ. ಆ ಹೊಲ ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ನಿಮಗೂ ಸಮಪಾಲು ಇದೆ. ದೇಶಕ್ಕೆಲ್ಲ ಈ ಕಾನೂನು ಬಂದಿದ್ದು 2005ರಲ್ಲಿ. ಕರ್ನಾಟಕ 1994ರಲ್ಲೇ ತಂದಿತ್ತು. (ಇದು ಹಿಂದೂ ಕುಟುಂಬಗಳ ಮಾತು. ಬೇರೆಯವರಿಗೆ ಅವರವರ ಕಾನೂನು.) ‘ನನ್ನ ಪಾಲು ಬೇಡ, ಓದಿಸಿ ಸಾಕು’ ಅಂತ ದುಃಖದಲ್ಲಿ ಎಷ್ಟೋ ಹುಡುಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಲು ತಯಾರಾಗುತ್ತಾರೆ. ದಯವಿಟ್ಟು ಹಾಕಬೇಡಿ. ಮೂರು ವರ್ಷದ ಫೀಗೂ ಒಂದು ಎಕರೆ ಹೊಲಕ್ಕೂ ಅದ್ಯಾವ ಲೆಕ್ಕ?

ಅಪ್ಪನ ಮೇಲೆ ಕೇಸ್ ಹಾಕಿ ಓದಿನ ಖರ್ಚು ತಗೊಳ್ಳಬಹುದಾ?

ಕಾನೂನಿನಲ್ಲಿ ದಾರಿ ಇದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಂತೆ, ತನ್ನನ್ನು ತಾನು ನೋಡಿಕೊಳ್ಳಲಾಗದ ಅವಿವಾಹಿತ ಮಗಳನ್ನು ಸಾಕುವುದು ತಂದೆ ತಾಯಿಯ ಹೊಣೆ. ಜೀವನಾಂಶ ಅನ್ನೋದರಲ್ಲಿ ಊಟ, ಬಟ್ಟೆ, ಮನೆಯ ಜೊತೆ ಶಿಕ್ಷಣವೂ ಸೇರಿದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ವಿಚ್ಛೇದನದ ಪ್ರಕರಣದಲ್ಲಿ, ಓದಿನ ಖರ್ಚನ್ನು ತಂದೆ ತಾಯಿಯಿಂದ ಪಡೆಯುವ ಹಕ್ಕು ಮಗಳಿಗಿದೆ, ಅವರ ಶಕ್ತಿಯ ಮಿತಿಯಲ್ಲಿ ಕೊಡಬೇಕಾಗುತ್ತದೆ ಅಂದಿತು. ಆ ಹುಡುಗಿ ಐರ್ಲೆಂಡಿನಲ್ಲಿ ಓದುತ್ತಿದ್ದಳು. ಅಪ್ಪ ಕೊಟ್ಟ 43 ಲಕ್ಷ ರೂಪಾಯಿಯನ್ನು ತನ್ನ ಮರ್ಯಾದೆ ಮುಖ್ಯ ಅಂತ ವಾಪಸ್ ಕೊಡಲು ಹೋದಳು, ಅಪ್ಪ ತಗೊಳ್ಳಲಿಲ್ಲ. ನಮ್ಮ ಹಳ್ಳಿಯ ಕಥೆಗೂ ಅದಕ್ಕೂ ಬಹಳ ದೂರ, ಆದರೆ ತೀರ್ಪು ಎಲ್ಲರಿಗೂ ತೀರ್ಪೇ.

ಹೊಡೆತ, ಕೂಡಿಹಾಕುವುದು ಇದ್ದರೆ ಮಾತು ಬೇರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಡತಿಯರಿಗಷ್ಟೇ ಅಂತ ಜನ ತಿಳಿದಿದ್ದಾರೆ. ಮಗಳಿಗೂ ಅದು ಅನ್ವಯಿಸುತ್ತದೆ. ಆ ಕಾಯ್ದೆಯ ನಿಯಮಗಳ ಜೊತೆಗಿರುವ ದೂರಿನ ನಮೂನೆಯಲ್ಲಿ ‘ಶಾಲೆ, ಕಾಲೇಜಿಗೆ ಹೋಗದಂತೆ ತಡೆಯುವುದು’, ‘ಇಷ್ಟವಿಲ್ಲದ ಮದುವೆಗೆ ಒತ್ತಾಯಿಸುವುದು’ ಎರಡನ್ನೂ ಹಿಂಸೆಯ ಪಟ್ಟಿಯಲ್ಲೇ ಅಚ್ಚು ಹಾಕಿದ್ದಾರೆ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಜಿಲ್ಲಾ ಕೇಂದ್ರದಲ್ಲಿ, ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ ಇದೆ. ವಕೀಲರಿಗೆ ದುಡ್ಡಿಲ್ಲ ಅನ್ನೋ ಚಿಂತೆ ಬೇಡ, 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಅದರ ನಂಬರ್ 15100.

ನಾನು ಕೇಸ್ ಹಾಕಿ ಅಂತ ಯಾರಿಗೂ ಸುಲಭವಾಗಿ ಹೇಳಲ್ಲ. ಕೋರ್ಟಿನ ದಿನಾಂಕಗಳ ನಡುವೆ ಸೆಮಿಸ್ಟರ್ ಮುಗಿದುಹೋಗುತ್ತದೆ. ಆದರೆ ದಾರಿ ಇದೆ ಅಂತ ಗೊತ್ತಿದ್ದವಳು ಮಾತಾಡುವ ಧಾಟಿಯೇ ಬೇರೆ ಇರುತ್ತದೆ.

ಮನೆ ಬಿಟ್ಟು ಹೋಗಿಬಿಡಲಾ?

ಹೊಡೆತ, ಬಲವಂತದ ಮದುವೆ, ಜೀವಭಯ ಇದ್ದರೆ ಹೋಗಿ. ಆದರೆ ಒಬ್ಬಳೇ ಬಸ್ ಹತ್ತಬೇಡಿ, 181ಕ್ಕೆ ಹೇಳಿ ಹೋಗಿ. 18 ದಾಟಿದ್ದರೆ, ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇನೆ, ಓದುತ್ತಿದ್ದೇನೆ ಅಂತ ಪೊಲೀಸ್ ಠಾಣೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮನೆಯವರು ನಾಪತ್ತೆ ದೂರು ಕೊಟ್ಟೇ ಕೊಡುತ್ತಾರೆ. ಆಗ ಅದು ಕೆಲಸಕ್ಕೆ ಬರುತ್ತದೆ.

ಬರೀ ಜಗಳ, ಮುನಿಸು, ಮಾತು ಬಿಟ್ಟಿರೋದು ಇಷ್ಟೇ ಆದರೆ ಹೋಗಬೇಡಿ ಅನ್ನೋದು ನನ್ನ ಅಭಿಪ್ರಾಯ. ಒಬ್ಬಳು ಓಡಿಹೋದರೆ ಆ ಊರಿನ ಮುಂದಿನ ಹತ್ತು ಹುಡುಗಿಯರ ಕಾಲೇಜು ಬಂದ್ ಆಗುತ್ತದೆ. ಇದು ನ್ಯಾಯ ಅಲ್ಲ, ಗೊತ್ತು. ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳಿದೆ.

ಮನೆಯಲ್ಲೇ ಕೂತು ಡಿಗ್ರಿ ಮಾಡಬಹುದಾ? ಅದಕ್ಕೆ ಬೆಲೆ ಇದೆಯಾ?

ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ, ಇಗ್ನೋ 1985ರಿಂದ. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿಯೂ ರೆಗ್ಯುಲರ್ ಡಿಗ್ರಿಯೂ ಸರ್ಕಾರಿ ನೌಕರಿಗೆ, ಎಂ.ಎ.ಗೆ ಸಮಾನ. ಆದರೆ ನೀವು ಸೇರುವ ವರ್ಷ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕಟ್ಟಿ. ಕೆಲ ವರ್ಷ ಮುಕ್ತ ವಿವಿಯ ಮಾನ್ಯತೆ ನಿಂತುಹೋಗಿ, 2018ರಲ್ಲಿ ವಾಪಸ್ ಬಂತು. ನಡುವೆ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ನರ್ಸಿಂಗ್, ಎಂಜಿನಿಯರಿಂಗ್, ಕಾನೂನು ದೂರಶಿಕ್ಷಣದಲ್ಲಿ ಇಲ್ಲ. ಯಾರಾದರೂ ಇದೆ ಅಂದರೆ ಅದು ಮೋಸ.

ನನ್ನ ಕೇಳಿದರೆ, ಕಾಲೇಜಿಗೆ ಹೋಗಲು ಸಾಧ್ಯವಿರುವವರು ಇದನ್ನು ಆರಿಸಬೇಡಿ. ಮನೆಯಲ್ಲಿ ಪುಸ್ತಕ ಹಿಡಿದರೆ ‘ಸುಮ್ನೆ ಕೂತಿದೀಯಲ್ಲ, ಅಕ್ಕಿ ಆರಿಸು’ ಅಂತಾರೆ.

ಮದುವೆ ಆಗಿದೆ. ಅತ್ತೆಮನೆಯಲ್ಲಿ ‘ಮದುವೆ ಆದಮೇಲೆ ಓದಿಸ್ತೀವಿ’ ಅಂದಿದ್ದರು. ಈಗ ಮಾತೇ ಇಲ್ಲ.

ಈ ಮಾತನ್ನು ನಂಬಿ ಮೋಸಹೋದವರು ನನ್ನ ಬ್ಯಾಚಿನಲ್ಲೇ ಐದು ಜನ. ಇನ್ನೂ ಮದುವೆ ಆಗದವರು ಕೇಳಿ: ಅಡ್ಮಿಷನ್ ಮೊದಲು, ನಿಶ್ಚಿತಾರ್ಥ ಆಮೇಲೆ. ಫೀ ಕಟ್ಟಿದ ರಸೀದಿ ಕೈಯಲ್ಲಿದ್ದರೆ ‘ಓದು ಮುಗಿಸಲಿ ಬಿಡಿ’ ಅಂತಾರೆ, ಇಲ್ಲದಿದ್ದರೆ ‘ನೋಡೋಣ’ ಅಂತಾರೆ. ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ.

ಆಗಿಹೋದವರಿಗೆ ಮುಕ್ತ ವಿವಿ ನಿಜಕ್ಕೂ ಒಳ್ಳೆಯ ದಾರಿ. ಬಿಟ್ಟುಹೋದ ಸೆಮಿಸ್ಟರಿದ್ದರೆ ಹಳೇ ಕಾಲೇಜಿಗೇ ಹೋಗಿ ವಿಚಾರಿಸಿ, ಎಷ್ಟು ವರ್ಷದೊಳಗೆ ಮುಗಿಸಬಹುದು ಅಂತ ಪ್ರತಿ ವಿಶ್ವವಿದ್ಯಾಲಯಕ್ಕೂ ನಿಯಮ ಇದೆ. ಪಿಎಚ್‌.ಡಿ. ಮಾಡುತ್ತಿರುವವರಿಗೆ 240 ದಿನದವರೆಗೆ ಹೆರಿಗೆ ರಜೆ ಇದೆ. ಮಗು ಆಯಿತು ಅಂತ ರಿಜಿಸ್ಟ್ರೇಷನ್ ಬಿಡಬೇಡಿ.

ಫೋನ್ ಹಿಡಿದರೆ ‘ಯಾರವನು’ ಅಂತಾರೆ. ಓದಿಗೆ ಫೋನ್ ಬೇಕೇ ಬೇಕಲ್ಲ?

ಬೇಕು. ಸ್ಕ್ರೀನ್ ಲಾಕ್ ತೆಗೆದು ಅಡುಗೆಮನೆಯಲ್ಲಿ ಎಲ್ಲರೆದುರು ಇಟ್ಟು ನೋಡಿ, ಹದಿನೈದು ದಿನದಲ್ಲಿ ಯಾರಿಗೂ ಅದರಲ್ಲಿ ಆಸಕ್ತಿ ಉಳಿಯಲ್ಲ. ಇದು ಅವಮಾನ ಅನ್ನಿಸಿದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾನು ಕೆಲಸ ಆಗುವ ದಾರಿ ಹೇಳುತ್ತಿದ್ದೇನೆ, ಸರಿಯಾದ ದಾರಿ ಅಂತ ಹೇಳುತ್ತಿಲ್ಲ.

ಹಿಂದಿನವರಿಗೆ ಇದಕ್ಕಿಂತ ಕಷ್ಟ ಇತ್ತಾ?

1933ರಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಅಂತ ಆಗಿನ ನಿರ್ದೇಶಕ ಸರ್ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಕಮಲಾ ಬಿಡಲಿಲ್ಲ. ಹಟ ಹಿಡಿದು, ಒಂದು ವರ್ಷ ಪ್ರೊಬೇಷನ್ ಮೇಲಿರುವ ಷರತ್ತಿಗೆ ಒಪ್ಪಿ ಒಳಗೆ ಹೋದರು. 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್‌.ಡಿ. ಪಡೆದರು. ಅವರಿಗೆ ಮನೆಯವರ ಬೆಂಬಲ ಇತ್ತು, ಬೇಡ ಅಂದಿದ್ದು ಸಂಸ್ಥೆ. ಮುಂದೆ ಅದೇ ಸಂಸ್ಥೆಗೆ ಬಂದ ಹವಾಮಾನ ವಿಜ್ಞಾನಿ ಅಣ್ಣಾ ಮಣಿ ಕಥೆ ಸ್ವಲ್ಪ ಬೇರೆ. ತಿರುವಾಂಕೂರಿನ ಅವರ ಮನೆಯಲ್ಲಿ ಗಂಡುಮಕ್ಕಳಿಗೆ ನೌಕರಿ, ಹೆಣ್ಣುಮಕ್ಕಳಿಗೆ ಮದುವೆ ಅನ್ನೋದು ರೂಢಿ. ಎಂಟನೇ ಹುಟ್ಟುಹಬ್ಬಕ್ಕೆ ಕೊಟ್ಟ ವಜ್ರದ ಓಲೆ ಬೇಡ ಅಂದು ವಿಶ್ವಕೋಶ ಕೇಳಿದ ಹುಡುಗಿ ಅವರು.

ನನಗೆ ಜಾಸ್ತಿ ಇಷ್ಟವಾಗೋದು ರಾಜೇಶ್ವರಿ ಚಟರ್ಜಿ ಅವರ ಮನೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನು ಕರೆಯುತ್ತಾರೆ. 1940ರ ದಶಕದಲ್ಲಿ ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಅಮೆರಿಕದ ಮಿಷಿಗನ್‌ಗೆ ಹೋಗಿ, 1953ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಆ ಮನೆಯಲ್ಲಿ ‘ಹೆಣ್ಣಿಗೆ ಓದು ಯಾಕೆ’ ಅನ್ನೋ ಮಾತು ಎರಡು ತಲೆಮಾರು ಮೊದಲೇ ಮುಗಿದುಹೋಗಿತ್ತು.

ಫೇಲ್ ಆದರೆ? ‘ನೋಡಿದ್ಯಾ, ಹೇಳಿರಲಿಲ್ವಾ’ ಅಂತಾರೆ.

ಅಂತಾರೆ. ನಾನು ಎರಡನೇ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಫೇಲ್ ಆಗಿದ್ದೆ. ಮನೆಯಲ್ಲಿ ಹೇಳಲಿಲ್ಲ. ಮುಂದಿನ ಸಲ ಕಟ್ಟಿ ಪಾಸಾದೆ. ಈ ವಿಷಯ ಅಮ್ಮನಿಗೆ ಈಗಲೂ ಗೊತ್ತಿಲ್ಲ. ಅಣ್ಣ ಮೂರು ವಿಷಯದಲ್ಲಿ ಫೇಲ್ ಆದಾಗ ‘ಪೇಪರ್ ಕಠಿಣ ಇತ್ತಂತೆ’ ಅಂದಿದ್ದರು. ನಿಮ್ಮ ಪೇಪರೂ ಕಠಿಣವೇ ಇರುತ್ತದೆ.

ನಿಮ್ಮಪ್ಪ ಈಗ ಏನಂತಾರೆ?

ಓದಿನ ಬಗ್ಗೆ ಏನೂ ಅನ್ನಲ್ಲ. ಹೊಗಳಿಯೂ ಇಲ್ಲ, ತಪ್ಪಾಯಿತು ಅಂತಲೂ ಅಂದಿಲ್ಲ. ನಾನು ಕಾದು ಕಾದು ಬಿಟ್ಟುಬಿಟ್ಟೆ. ಮೊನ್ನೆ ಗೋವಿನಜೋಳದ ಬೆಳೆವಿಮೆ ಅರ್ಜಿ ತುಂಬೋಕೆ ಫೋನ್ ಮಾಡಿದ್ದರು. ಸರ್ವೆ ನಂಬರ್ ಹೇಳಿದರು, ಒಟಿಪಿ ಬಂದ ಕೂಡಲೇ ಒಂದೊಂದೇ ಅಂಕಿ ಎಣಿಸಿದಂತೆ ಓದಿದರು. ಅರ್ಜಿ ಹೋಯಿತು ಅಂದೆ. ‘ಎಮ್ಮಿ ಸಾಲ ತೀರಿತಂತೇನ?’ ಅಂತ ಕೇಳಿದರು. ಆ ಸಾಲ ತೀರಿ ಹದಿನೈದು ವರ್ಷ ಆಗಿದೆ. ನಾನು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಫೋನ್ ಇಟ್ಟಿದ್ದರು.